ಹೆಣಿಗೆ, ಕ್ರೋಶೆ, ಕಸೂತಿ, ಕೌದಿ: ಈ ವರ್ಷ ಏನೇನು ಮುಗಿಸಿದಿರಿ, ಯಾವುದು ಅರ್ಧಕ್ಕೆ ನಿಂತಿತು? ಹೊಸ ವರ್ಷಕ್ಕೆ ಏನು ಅಂದುಕೊಂಡಿದ್ದೀರಿ?

ಎರಡುಕಡ್ಡಿ:
ವರ್ಷ ಮುಗಿಯಲು ಇನ್ನು ನಾಲ್ಕೇ ದಿನ. ಭಾನುವಾರ ಕಪಾಟಿನಲ್ಲಿದ್ದ ಹೆಣಿಗೆ ಚೀಲಗಳನ್ನೆಲ್ಲ ತೆಗೆದು ಮಂಚದ ಮೇಲೆ ಸುರಿದೆ. ಶುರು ಮಾಡಿದ್ದು 13, ಮುಗಿಸಿದ್ದು 5. ಹೋದ ಡಿಸೆಂಬರ್‌ನಲ್ಲಿ ಡೈರಿಯ ಮೊದಲ ಪುಟದಲ್ಲಿ "ಈ ವರ್ಷ 12 ಮುಗಿಸಬೇಕು" ಅಂತ ಬರೆದಿದ್ದೆ.

ಮೊದಲು ಬೇಜಾರಾಯಿತು. ಆಮೇಲೆ ಉಳಿದ 8 ಚೀಲಗಳನ್ನು ಒಂದೊಂದಾಗಿ ಬಿಚ್ಚಿ, ಎಲ್ಲಿ ನಿಂತಿದೆ ಅಂತ ನೋಡಿದೆ. ಅದರಲ್ಲಿ 5 ಹೆಣಿಗೆ ಪೂರ್ತಿ ಮುಗಿದಿವೆ! ಬರೀ ಜೋಡಿಸುವುದು, ದಾರದ ತುದಿಗಳನ್ನು ಒಳಗೆ ಸೇರಿಸುವುದು ಬಾಕಿ. ಒಂದು ಬೂದು ಬಣ್ಣದ ಸ್ವೆಟರ್ ಇದೆ, ಹಿಂಭಾಗ, ಮುಂಭಾಗ, ಎರಡು ತೋಳು ಎಲ್ಲ ಮಾರ್ಚ್‌ನಿಂದ ಮಡಚಿದ ಹಾಗೇ ಕೂತಿವೆ. ಇನ್ನೆರಡು ಉಲ್ಲನ್ ಸಾಲದೆ ನಿಂತವು, ಮತ್ತೆ ತರಿಸಿದರೆ ಅದೇ ಬಣ್ಣದ ನಂಬರ್ ಇದ್ದರೂ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ಉಂಡೆಗಳ ಗುರುತು) ಬೇರೆ, ಬೆಳಕಿಗೆ ಹಿಡಿದರೆ ಒಂದು ಉಂಡೆ ಸ್ವಲ್ಪ ಹಳದಿ ಕಡೆಗೆ ಹೋಗಿದೆ. ಕೊನೆಯದು ಸುಮ್ನೆ ಇಷ್ಟವಾಗದೆ ಬಿಟ್ಟದ್ದು.

ಅಂದರೆ ನಾನು ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದೇನೆ. ಹೆಣೆಯುವುದು ಬರುತ್ತದೆ, ಜೋಡಿಸುವುದು ಸರಿಯಾಗಿ ಬರುವುದಿಲ್ಲ, ಆ ಭಯಕ್ಕೆ ಹೊಸದು ಶುರು ಮಾಡುತ್ತೇನೆ. ಇದು ಗೊತ್ತಾಗಲು ನನಗೆ ಏಳು ವರ್ಷ ಬೇಕಾಯಿತು. ಹಾಗಾಗಿ ಈ ಸಲ ಸಂಖ್ಯೆ ಬರೆಯುವುದಿಲ್ಲ. ಗುರಿ ಒಂದೇ: ಜನವರಿಯಲ್ಲಿ ಮ್ಯಾಟ್ರೆಸ್ ಸ್ಟಿಚ್ (ಹೆಣೆದ ಭಾಗಗಳನ್ನು ಹೊಲಿಗೆ ಕಾಣದ ಹಾಗೆ ಜೋಡಿಸುವ ವಿಧಾನ) ಸರಿಯಾಗಿ ಕಲಿಯುವುದು, ಆ ಐದನ್ನೂ ಜೋಡಿಸುವುದು. ನಿಮ್ಮ ಚೀಲಗಳನ್ನೂ ಒಮ್ಮೆ ಸುರಿದು ನೋಡಿ. ಎಷ್ಟು ಮುಗಿಯಿತು ಅನ್ನುವುದಕ್ಕಿಂತ ಎಲ್ಲಿ ನಿಂತಿತು ಅಂತ ಹೇಳಿ.

ಬಣ್ಣದಸಾಲು:
ಅಕ್ಕ, ಓದಿ ಮೈ ಜುಮ್ಮೆಂದಿತು, ನನ್ನದೂ ಅದೇ ಕಥೆ.

ಈ ವರ್ಷ ಜನವರಿ 1ಕ್ಕೆ ಟೆಂಪರೇಚರ್ ಬ್ಲಾಂಕೆಟ್ ಶುರು ಮಾಡಿದೆ. ಗೊತ್ತಿಲ್ಲದವರಿಗೆ: ದಿನಕ್ಕೆ ಒಂದು ಸಾಲು, ಆ ದಿನದ ಉಷ್ಣಾಂಶಕ್ಕೆ ತಕ್ಕ ಬಣ್ಣ. ವರ್ಷದ ಕೊನೆಗೆ ಇಡೀ ವರ್ಷದ ಹವಾಮಾನ ಹೊದಿಕೆಯಲ್ಲಿ ಕಾಣುತ್ತದೆ. ಎಂಟು ಬಣ್ಣ ಆರಿಸಿಕೊಂಡೆ. ಏಪ್ರಿಲ್ ಕೊನೆಗೆ 120 ಸಾಲು ಆಗಿತ್ತು, ಹಾಸಿ ಅಳೆದೆ. 120 ಸೆಂ.ಮೀ. ಸಾಲಿಗೆ ಹತ್ತಿರಹತ್ತಿರ ಒಂದು ಸೆಂ.ಮೀ. ಬರುತ್ತಿದೆ! ಹೀಗೇ ಹೋದರೆ 365 ಸಾಲಿಗೆ ಮೂರೂವರೆ ಮೀಟರ್ ದಾಟುತ್ತದೆ. ಅಷ್ಟುದ್ದದ ಹೊದಿಕೆ ಯಾವ ಮಂಚಕ್ಕೆ? ಶುರು ಮಾಡುವ ಮೊದಲು ಹತ್ತು ಸಾಲು ಹಾಕಿ ಅಳೆದಿದ್ದರೆ ಸಿಂಗಲ್ ಕ್ರೋಶೆ, ಅಂದರೆ ಗಿಡ್ಡ ಕುಣಿಕೆ, ಆರಿಸುತ್ತಿದ್ದೆ, ಅದು ಸಾಲಿಗೆ ಸುಮಾರು ಅರ್ಧ ಸೆಂ.ಮೀ. ಬರುತ್ತದೆ, ವರ್ಷಕ್ಕೆ ಎರಡು ಮೀಟರ್ ಒಳಗೆ ಮುಗಿಯುತ್ತದೆ.

ಬಿಚ್ಚಲು ಮನಸ್ಸು ಬರಲಿಲ್ಲ. ಕೊನೆಗೆ ನಾಲ್ಕು ತಿಂಗಳಿಗೆ ಒಂದು ಹೊದಿಕೆ, ವರ್ಷಕ್ಕೆ ಮೂರು ಅಂತ ಮಾಡಿಕೊಂಡೆ. ಎರಡು ಹೆಣೆದಾಗಿದೆ, ಮೂರನೆಯದು ಅಕ್ಟೋಬರ್‌ನಲ್ಲಿ ನಿಂತಿದೆ. ಕಾರಣ ತುದಿಗಳು. ಬಣ್ಣ ಬದಲಾದಾಗಲೆಲ್ಲ ಎರಡು ತುದಿ ಉಳಿಯುತ್ತವೆ, ಹಳೆಯದೊಂದು ಹೊಸದೊಂದು. ಮೊದಲ ಹೊದಿಕೆಯಲ್ಲೇ 70 ಸಲ ಬಣ್ಣ ಬದಲಾಗಿದೆ, ಅಂದರೆ 140 ತುದಿ. ಒಂದಕ್ಕೆ ಎರಡು ನಿಮಿಷ ಅಂದರೂ ಹತ್ತಿರಹತ್ತಿರ ನಾಲ್ಕೂಮುಕ್ಕಾಲು ಗಂಟೆ ಬರೀ ಸೂಜಿ ಹಾಕಿ ಎಳೆಯುವುದು. ಒಂದು ಬದಿ ಪೂರ್ತಿ ಜಾಲರಿ ಕಟ್ಟಿದ ಹಾಗೆ ತುದಿಗಳು ಜೋತಾಡುತ್ತಿವೆ.

ಮುಂದಿನ ವರ್ಷಕ್ಕೆ ನನ್ನದು ಇಷ್ಟೇ. ಹಾಕಿದ ದಿನದ ತುದಿ ಅವತ್ತೇ ಒಳಗೆ ಹೋಗಬೇಕು. ಮತ್ತೆ ಟೆಂಪರೇಚರ್ ಬ್ಲಾಂಕೆಟ್ ಹಿಡಿಯುವುದಿಲ್ಲ, ಆದರೆ ಈ ಮೂರನ್ನು ಮುಗಿಸದೆ ಬಿಡುವುದೂ ಇಲ್ಲ. ಜುಲೈನಲ್ಲಿ ಸತತ ಒಂಬತ್ತು ದಿನ ಮಳೆ ಬಂದು ಒಂದೇ ನೀಲಿಯ ಪಟ್ಟಿ ದಪ್ಪಗೆ ಕೂತಿದೆ, ಅದನ್ನು ನೋಡಿದರೆ ಆ ವಾರ ಏನು ಮಾಡುತ್ತಿದ್ದೆ ಅಂತ ಇವತ್ತಿಗೂ ನೆನಪಾಗುತ್ತದೆ.

ಗವಂತಿ:
ನಾನು ಸೂಜಿ ಕೆಲಸದವಳು, ಕಸೂತಿ ಮತ್ತು ಕ್ರಾಸ್ ಸ್ಟಿಚ್. ನನ್ನದು ನಿಂತದ್ದು ಬೇರೆ ಕಡೆ.

ಎರಡು ವರ್ಷದ ಹಿಂದೆ ದೊಡ್ಡ ಕ್ರಾಸ್ ಸ್ಟಿಚ್ ಚಿತ್ರ ಹಿಡಿದೆ, ಅಡ್ಡಕ್ಕೆ 200 ಚೌಕ, ಉದ್ದಕ್ಕೆ 250. ಬಟ್ಟೆ 14 ಕೌಂಟ್ ಐಡಾ, ಅಂದರೆ ಇಂಚಿಗೆ 14 ಚೌಕ, ಹಾಗಾಗಿ ಚಿತ್ರ ಸುಮಾರು 14 ಇಂಚು ಅಗಲ, 18 ಇಂಚು ಉದ್ದ. ನೋಡಲು ಅಷ್ಟೇನೂ ದೊಡ್ಡದಲ್ಲ ಅಲ್ವಾ? ಎರಡು ವರ್ಷವೂ "ಈ ವರ್ಷ ಮುಗಿಸುತ್ತೇನೆ" ಅಂತ ಬರೆದೆ, ಆಗಲಿಲ್ಲ, ಸೋಮಾರಿ ಅಂತ ನನ್ನನ್ನೇ ಬೈದುಕೊಂಡೆ. ಮೊನ್ನೆ ಲೆಕ್ಕ ಹಾಕಿದೆ. 200 ಗುಣಿಸು 250, 50,000 ಕ್ರಾಸ್. ನಾನು ಗಂಟೆಗೆ ಹಾಕುವುದು ಹೆಚ್ಚೆಂದರೆ 100. ಅಂದರೆ 500 ಗಂಟೆ. ದಿನಕ್ಕೆ ಒಂದು ಗಂಟೆ ತಪ್ಪದೆ ಕೂತರೂ 16 ತಿಂಗಳು ದಾಟುತ್ತದೆ. ನನಗೆ ಸಿಗುವುದು ವಾರಕ್ಕೆ ಮೂರು ಗಂಟೆ. ಇದು ಸೋಮಾರಿತನ ಅಲ್ಲವೇ ಅಲ್ಲ, ಲೆಕ್ಕವೇ ತಪ್ಪಿತ್ತು. ಅವತ್ತು ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಈಗ ಚಿತ್ರದ ಪಟ್ಟಿಯನ್ನು ಹತ್ತು ಚೌಕ ಅಡ್ಡ, ಹತ್ತು ಉದ್ದ ಅಂತ ಭಾಗ ಮಾಡಿಕೊಂಡಿದ್ದೇನೆ. ಒಂದು ಭಾಗಕ್ಕೆ 100 ಕ್ರಾಸ್, ಒಂದು ಗಂಟೆಯ ಕೆಲಸ. ವಾರಕ್ಕೆ ಮೂರು ಭಾಗ ಹಾಕಿದರೆ ಹೊಸ ವರ್ಷದಲ್ಲಿ 150 ಆಗುತ್ತವೆ. ಪೂರ್ತಿ ಮುಗಿಯುವುದಿಲ್ಲ. ಪರವಾಗಿಲ್ಲ.

ಇನ್ನೊಂದು ವಿಷಯ ಎಲ್ಲರಿಗೂ ಹೇಳಬೇಕು, ಯಾಕೆಂದರೆ ಈ ವರ್ಷ ಇದರಿಂದ ಅತ್ತಿದ್ದೇನೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಮೇಜಿನ ಹಾಸು ಮಾಡಿದ್ದೆ, ಬಿಳಿ ಬಟ್ಟೆಯ ಮೇಲೆ ಕಡುಕೆಂಪು ದಾರ, ಗವಂತಿ ಆದ್ದರಿಂದ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ. ಮೂರು ತಿಂಗಳ ಕೆಲಸ. ಮುಗಿಸಿದ ಖುಷಿಗೆ ಬಿಸಿ ನೀರಿನಲ್ಲಿ ನೆನೆಸಿಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ನೀರೆಲ್ಲ ಗುಲಾಬಿ, ಬಟ್ಟೆಯೂ ಗುಲಾಬಿ. ಆ ಕ್ಷಣ ಎತ್ತಿ ಒಣಗಿಸಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ, ಒಣಗಿದರೆ ಬಣ್ಣ ಅಲ್ಲೇ ಕೂತುಬಿಡುತ್ತದೆ. ತಣ್ಣೀರಿನ ನಲ್ಲಿ ಕೆಳಗೆ ಹಿಡಿದು, ನೀರು ತಿಳಿಯಾಗುವ ತನಕ ತೊಳೆಯುತ್ತಲೇ ಇರಬೇಕು. ಮುಕ್ಕಾಲು ಪಾಲು ಹೋಯಿತು, ಒಂದು ಮೂಲೆಯಲ್ಲಿ ಇನ್ನೂ ಮಸುಕಾಗಿ ಇದೆ. ಹೊಸ ವರ್ಷದಿಂದ ಯಾವ ಕಡು ಬಣ್ಣದ ಲಡಿ ಬಂದರೂ ಮೊದಲು ಒಂದು ಗೇಣು ದಾರ ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಒದ್ದೆ ಮಾಡಿ ಇಟ್ಟು ನೋಡುತ್ತೇನೆ.

ಹೊಸಬಳು:
ನಮಸ್ಕಾರ. ಎಲ್ಲರ ಅಷ್ಟು ಅಷ್ಟು ವರ್ಷಗಳ ಅನುಭವ ಓದಿ ಬರೆಯಲು ಸಂಕೋಚವಾಗುತ್ತಿದೆ. ನಾನು ಕ್ರೋಶೆ ಕಡ್ಡಿ ಹಿಡಿದದ್ದು ಆಗಸ್ಟ್‌ನಲ್ಲಿ. ಮುಗಿಸಿದ್ದು ಸೊನ್ನೆ. ಒಂದು ಮಫ್ಲರ್ ಹಾಕುತ್ತಿದ್ದೇನೆ, 30 ಕುಣಿಕೆಯಿಂದ ಶುರು ಮಾಡಿದೆ, ಈಗ ಎಣಿಸಿದರೆ 19 ಇದೆ, ಮಫ್ಲರ್ ತ್ರಿಕೋನ ಆಗುತ್ತಾ ಹೋಗುತ್ತಿದೆ. ಎಲ್ಲಿ ಕಳೆದುಹೋಗುತ್ತಿವೆ ಅಂತ ಗೊತ್ತೇ ಆಗುತ್ತಿಲ್ಲ. ಇನ್ನೊಂದು ಪ್ಯಾಟರ್ನ್‌ನಲ್ಲಿ ಡಬಲ್ ಕ್ರೋಶೆ ಅಂತ ಇತ್ತು, ಹಾಗೇ ಹಾಕಿದೆ, ಚಿತ್ರದಲ್ಲಿರುವುದಕ್ಕಿಂತ ಎರಡು ಪಟ್ಟು ಎತ್ತರ ಬಂತು. ನನ್ನಂಥವರು ಹೊಸ ವರ್ಷಕ್ಕೆ ಏನು ಗುರಿ ಇಟ್ಟುಕೊಳ್ಳಬೇಕು?

ಎರಡುಕಡ್ಡಿ:
ಸಂಕೋಚ ಯಾಕಮ್ಮಾ, ನಾವೆಲ್ಲ ತ್ರಿಕೋನ ಮಫ್ಲರ್ ದಾಟಿ ಬಂದವರೇ.

ನಿನ್ನ ಕುಣಿಕೆ ಕಳೆದುಹೋಗುವುದು ಸಾಲಿನ ಕೊನೆಯಲ್ಲಿ. ಸಾಲು ತಿರುಗಿಸುವಾಗ ಮೂರು ಚೈನ್ ಹಾಕುತ್ತೀಯಲ್ಲ, ಉದ್ದ ಕುಣಿಕೆಯ ಪ್ಯಾಟರ್ನ್‌ಗಳಲ್ಲಿ ಹೆಚ್ಚಾಗಿ ಅದೇ ಒಂದು ಕುಣಿಕೆಯ ಲೆಕ್ಕ. ಮುಂದಿನ ಸಾಲಿನಲ್ಲಿ ವಾಪಸ್ ಬಂದಾಗ ಆ ಮೂರು ಚೈನ್‌ನ ತಲೆಯ ಮೇಲೂ ಒಂದು ಹಾಕಬೇಕು. ಅದು ಬದಿಗೆ ವಾಲಿಕೊಂಡಿರುತ್ತದೆ, ಕುಣಿಕೆಯ ಥರ ಕಾಣುವುದೇ ಇಲ್ಲ, ಹಾಗಾಗಿ ಬಿಟ್ಟುಹೋಗುತ್ತದೆ. ಮೂರನೇ ಚೈನ್‌ಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸು. ಪಿನ್ ಸಿಗುವ ತನಕ ಸಾಲು ಮುಗಿದಿಲ್ಲ ಅಂತ ಲೆಕ್ಕ.

ಎರಡನೆಯದು ನಿನ್ನ ತಪ್ಪಲ್ಲ, ಆ ಪ್ಯಾಟರ್ನ್ ಬ್ರಿಟನ್‌ನದ್ದಿರಬೇಕು. ಅಮೆರಿಕದವರ ಸಿಂಗಲ್ ಕ್ರೋಶೆಯನ್ನು ಬ್ರಿಟನ್‌ನವರು ಡಬಲ್ ಅನ್ನುತ್ತಾರೆ, ಅಮೆರಿಕದ ಡಬಲ್ ಬ್ರಿಟನ್‌ನವರಿಗೆ ಟ್ರೆಬಲ್. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶೆ ಅನ್ನುವ ಮಾತು ಇದ್ದರೆ ಅದು ಅಮೆರಿಕದ್ದು, ಬ್ರಿಟನ್ ಪದ್ಧತಿಯಲ್ಲಿ ಆ ಹೆಸರೇ ಇಲ್ಲ.

ಗುರಿ ಅಂತ ಕೇಳಿದೆಯಲ್ಲ, ನಾನಾಗಿದ್ದರೆ ಇಷ್ಟೇ ಇಟ್ಟುಕೊಳ್ಳುತ್ತಿದ್ದೆ: 20 ಕುಣಿಕೆ, 10 ಸಾಲು, ನಾಲ್ಕೂ ಬದಿ ನೆಟ್ಟಗಿರುವ ಒಂದು ಚೌಕ. ಮಫ್ಲರ್ ಆಮೇಲೆ ತಾನಾಗೇ ಬರುತ್ತದೆ.

ಕೌದಿಬುಟ್ಟಿ:
ತಡವಾಗಿ ಬಂದೆ. ನಮ್ಮದು ಕೌದಿ ಕೆಲಸ, ತುಂಡು ಬಟ್ಟೆ ಜೋಡಿಸುವುದು. ಎರಡುಕಡ್ಡಿಯವರು ಜೋಡಿಸುವುದಕ್ಕೆ ಭಯ ಅಂದರು, ನಮಗೆ ಅದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ಈ ವರ್ಷ ನಾನು ಕಲಿತದ್ದು ಒಂದು ಮಿಲಿಮೀಟರ್‌ನ ಬೆಲೆ. ಸಾಲಿಗೆ 8 ತುಂಡು ಜೋಡಿಸಿದರೆ ನಡುವೆ 7 ಹೊಲಿಗೆ ಬರುತ್ತವೆ. ಕಾಲು ಇಂಚು ಅಂಚು ಬಿಟ್ಟು ಹೊಲಿಯಬೇಕು, ನಾನು ಕೆಲವು ಸಾಲುಗಳಲ್ಲಿ ಒಂದೇ ಒಂದು ಮಿ.ಮೀ. ಒಳಗೆ ಹೊಲಿಯುತ್ತಿದ್ದೆ. ಪ್ರತಿ ಹೊಲಿಗೆಯಲ್ಲೂ ಎರಡೂ ಬದಿಯ ಬಟ್ಟೆ ಹೋಗುತ್ತದೆ, ಹಾಗಾಗಿ ಒಂದಕ್ಕೆ 2 ಮಿ.ಮೀ., ಏಳಕ್ಕೆ 14. ಒಂದು ಸಾಲು ಇನ್ನೊಂದಕ್ಕಿಂತ ಸುಮಾರು ಒಂದೂವರೆ ಸೆಂ.ಮೀ. ಗಿಡ್ಡ. ಮೂಲೆಗಳು ಒಂದಕ್ಕೊಂದು ಕೂಡಲೇ ಇಲ್ಲ. ಮಿಷನ್ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ಮಿಷನ್ ತಟ್ಟೆಯ ಮೇಲೆ ಸೂಜಿಯಿಂದ ಸರಿಯಾಗಿ ಕಾಲು ಇಂಚಿಗೆ ದಪ್ಪ ಟೇಪ್ ಅಂಟಿಸಿದ್ದೇನೆ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗಬೇಕು. ಎರಡು ತುಂಡು ಹೊಲಿದು, ಇಸ್ತ್ರಿ ಹಾಕಿ, ಅಳೆದು, ಆಮೇಲೆ ಉಳಿದದ್ದು.

ಗುರಿಯ ಬಗ್ಗೆ ಒಂದು ಮಾತು. ಪ್ರತಿ ಡಿಸೆಂಬರ್‌ನಲ್ಲೂ "ಮುಂದಿನ ವರ್ಷ ಹೊಸ ಬಟ್ಟೆ, ಹೊಸ ಉಲ್ಲನ್ ಕೊಳ್ಳುವುದಿಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಆ ಶಪಥ ಇಷ್ಟವಾಗುವುದಿಲ್ಲ. ಮೂರು ವರ್ಷ ನಾನೂ ಮಾಡಿದೆ, ಮೂರು ವರ್ಷವೂ ಫೆಬ್ರವರಿಯಲ್ಲಿ ಮುರಿಯಿತು, ಮುರಿದ ಮೇಲೆ ಇನ್ನೂ ಜಾಸ್ತಿ ಕೊಂಡೆ. ಬೇಡ ಅನ್ನುವ ಗುರಿಯಿಂದ ಕೈಗೆ ಕೆಲಸ ಸಿಗುವುದಿಲ್ಲ. ಅದರ ಬದಲು ಈ ಸಲ ಬುಟ್ಟಿಯಲ್ಲಿರುವ ತುಂಡುಗಳನ್ನೆಲ್ಲ ಎರಡೂವರೆ ಇಂಚಿನ ಚೌಕಗಳಾಗಿ ಕತ್ತರಿಸಿ ಇಡುತ್ತೇನೆ. ಕತ್ತರಿಸಿ ಇಟ್ಟದ್ದು ಕೈಗೆ ಬರುತ್ತದೆ, ಮುದ್ದೆಯಾಗಿ ಬಿದ್ದದ್ದು ಬುಟ್ಟಿಯಲ್ಲೇ ಇರುತ್ತದೆ.

ಉಲ್ಲನ್‌ಪೆಟ್ಟಿಗೆ:
ಕೌದಿಬುಟ್ಟಿ ಅಕ್ಕ ಹೇಳಿದ ಒಂದು ಮಿ.ಮೀ. ನನಗೆ ಹೆಣಿಗೆಯಲ್ಲಿ ಎರಡು ಕುಣಿಕೆಯಾಗಿ ಬಂತು. ತಮ್ಮನಿಗೆ ಸ್ವೆಟರ್. ಪ್ಯಾಟರ್ನ್‌ನಲ್ಲಿ 10 ಸೆಂ.ಮೀ.ಗೆ 20 ಕುಣಿಕೆ, ನನ್ನ ಕೈಗೆ 22 ಬರುತ್ತಿತ್ತು. ಎರಡೇ ತಾನೇ ಅಂತ ಮುಂದೆ ಹೋದೆ. ಎದೆ ಸುತ್ತಳತೆಗೆ ಒಟ್ಟು 200 ಕುಣಿಕೆ. 20ರ ಲೆಕ್ಕದಲ್ಲಿ ಅದು 100 ಸೆಂ.ಮೀ., 22ರ ಲೆಕ್ಕದಲ್ಲಿ 91. ತಮ್ಮ ತಲೆಯೊಳಗಿಂದ ಹಾಕಿಕೊಂಡ, ತೋಳು ಎತ್ತಲು ಆಗಲಿಲ್ಲ, ಪಾಪ, ಆದರೂ ಚೆನ್ನಾಗಿದೆ ಅಂದ. ರಾತ್ರಿ ಕೂತು ಪೂರ್ತಿ ಬಿಚ್ಚಿದೆ.

ಹಾಗಾಗಿ ಹೊಸ ವರ್ಷದ ಗುರಿ: 15 ಸೆಂ.ಮೀ. ಚೌಕದ ಸ್ಯಾಂಪಲ್ ಹೆಣೆಯದೆ ಯಾವ ಉಡುಪೂ ಶುರು ಮಾಡುವುದಿಲ್ಲ. ಹೆಣೆದು, ತೊಳೆದು, ಒಣಗಿಸಿ, ಆಮೇಲೆ ನಡುವಿನ 10 ಸೆಂ.ಮೀ. ಅಳೆಯುವುದು. ತೊಳೆಯುವುದು ಮುಖ್ಯ, ಸೂಪರ್‌ವಾಶ್ ಉಲ್ಲನ್ (ಮಿಷನ್‌ನಲ್ಲಿ ತೊಳೆಯಬಹುದಾದದ್ದು) ಆದರೆ ಒದ್ದೆಯಾದ ಮೇಲೆ ಸಾಕಷ್ಟು ಹಿಗ್ಗುತ್ತದೆ. ಕುಣಿಕೆ ಜಾಸ್ತಿ ಬಂದರೆ ಒಂದು ನಂಬರ್ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ.

ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿ ಇರುತ್ತದೆ, ಹಾಗೇ ಹೆಣೆದರೆ ಕುಣಿಕೆ ಒಂದರ ಹಾಗೆ ಒಂದು ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಬಿಟ್ಟು, ಹಿಂಡದೆ ಟವೆಲ್‌ನಲ್ಲಿ ಒತ್ತಿ ನೇತು ಹಾಕಿ. ಮರುದಿನ ಹೊಸದರ ಹಾಗೆ.

ಮರದಕಡ್ಡಿ:
ಎಲ್ಲರೂ ಅಳತೆಯ ಬಗ್ಗೆ ಬರೆದಿದ್ದೀರಿ, ನಾನು ಕೈಯ ಬಗ್ಗೆ ಬರೆಯುತ್ತೇನೆ. ನಾನು ಹೆಣಿಗೆ ಕಲಿತದ್ದು ನಲವತ್ತರ ನಂತರ, ಹುಚ್ಚು ಹಿಡಿದ ಹಾಗೆ ಹೆಣೆದೆ. ಮೇ ತಿಂಗಳಲ್ಲಿ ಒಂದು ಶಾಲು ಮುಗಿಸುವ ಆತುರಕ್ಕೆ ಮೂರು ದಿನ, ದಿನಕ್ಕೆ ಆರೇಳು ಗಂಟೆ ಕೂತೆ. ನಾಲ್ಕನೇ ದಿನ ಬೆಳಗ್ಗೆ ಹೆಬ್ಬೆರಳಿನ ಬುಡದಲ್ಲಿ ನೋವು, ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ವೈದ್ಯರು ಕಡ್ಡಿ ಮುಟ್ಟಬೇಡಿ ಅಂದರು. ಏಳು ವಾರ ಮುಟ್ಟಲಿಲ್ಲ. ಆ ಏಳು ವಾರ ಎಷ್ಟು ಉದ್ದ ಅಂತ ಇಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ.

ವಾಪಸ್ ಬಂದ ಮೇಲೆ 25 ನಿಮಿಷಕ್ಕೆ ಗಡಿಯಾರ ಇಡುತ್ತೇನೆ. ಬಡಿದ ಕೂಡಲೇ, ಸಾಲಿನ ಮಧ್ಯದಲ್ಲಿದ್ದರೂ, ಕೆಳಗಿಟ್ಟು ಎದ್ದು ಓಡಾಡುತ್ತೇನೆ. ಉದ್ದದ ಕಡ್ಡಿ ಬಿಟ್ಟು ಸರ್ಕ್ಯುಲರ್ ಕಡ್ಡಿಗೆ (ಬಾಗುವ ತಂತಿಯಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿ) ಬಂದೆ, ಹೆಣಿಗೆಯ ಭಾರ ಮಣಿಕಟ್ಟಿನ ಬದಲು ಮಡಿಲಲ್ಲಿ ಇರುತ್ತದೆ. ಕುಣಿಕೆಯನ್ನು ಬಿಗಿಯಾಗಿ ಎಳೆಯುವ ಚಟ ಇತ್ತು, ಅದನ್ನೂ ಬಿಡಿಸಿಕೊಳ್ಳುತ್ತಿದ್ದೇನೆ. ದಯವಿಟ್ಟು ಬೆರಳು ಜೋಮು ಹಿಡಿದರೆ ತಡ ಮಾಡದೆ ತೋರಿಸಿ. ನನ್ನ ಗುರಿಯಲ್ಲಿ ಸ್ವೆಟರ್ ಇಲ್ಲ, ಶಾಲು ಇಲ್ಲ. ಹೊಸ ವರ್ಷದ ಡಿಸೆಂಬರ್‌ನಲ್ಲೂ ನೋವಿಲ್ಲದ ಕೈಯಲ್ಲಿ ಹೆಣೆಯುತ್ತಿರಬೇಕು, ಅಷ್ಟೇ.

ಸುಮ್ನೆಹೆಣೆಯುವೆ:
ಒಂದು ಪ್ರಶ್ನೆ ಕೇಳಲೇ? ಗುರಿ ಯಾಕೆ ಬೇಕು? ಆಫೀಸಿನಲ್ಲಿ ಇಡೀ ವರ್ಷ ಟಾರ್ಗೆಟ್, ಮನೆಗೆ ಬಂದು ಉಲ್ಲನ್ ಹಿಡಿದರೂ ಟಾರ್ಗೆಟ್ ಅಂದರೆ ನನಗೆ ಉಸಿರು ಕಟ್ಟುತ್ತದೆ. ನನ್ನ ಹತ್ತಿರ ಅರ್ಧ ಬಿಟ್ಟದ್ದು ಹದಿನೈದು ಇವೆ, ನನಗೆ ಅವುಗಳ ಬಗ್ಗೆ ಬೇಸರವಿಲ್ಲ. ಮಾಡುವಾಗ ಸಿಕ್ಕ ನೆಮ್ಮದಿ ಸಿಕ್ಕಿಯೇ ಇದೆ.

ಎರಡುಕಡ್ಡಿ:
ನಿಮ್ಮ ಮಾತು ಒಪ್ಪುತ್ತೇನೆ, ನಿಮಗೆ ಬೇಸರವಿಲ್ಲ ಅಂದರೆ ಗುರಿ ಬೇಕಾಗಿಲ್ಲ. ನನಗೆ ಬೇಸರ ಇದೆ. ಆ ಬೂದು ಸ್ವೆಟರ್ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತದೆ. ಅದು ಹೋಗಬೇಕು, ಅದಕ್ಕೇ ಇದೆಲ್ಲ. ಇಷ್ಟವಾಗದೆ ಬಿಟ್ಟ ಒಂದಿತ್ತಲ್ಲ, ನಿಮ್ಮ ಮಾತು ಓದಿದ ಮೇಲೆ ಅದನ್ನು ಇವತ್ತು ಬಿಚ್ಚಿಬಿಟ್ಟೆ. ನಾಲ್ಕು ಉಂಡೆ ಉಲ್ಲನ್ ವಾಪಸ್ ಸಿಕ್ಕಿತು, ಮನಸ್ಸು ಹಗುರಾಯಿತು. ಎಲ್ಲವನ್ನೂ ಮುಗಿಸಲೇಬೇಕು ಅಂತ ನಾನೇ ಯಾಕೆ ಕಟ್ಟುಪಾಡು ಹಾಕಿಕೊಂಡಿದ್ದೆನೋ.

ಬಣ್ಣದಸಾಲು:
ಲಾಟ್ ನಂಬರ್ ಬೇರೆಯಾಗಿ ನಿಂತ ಎರಡರ ಬಗ್ಗೆ, ಅಕ್ಕ: ಹಳೆಯ ಉಂಡೆಯಿಂದ ಎರಡು ಸಾಲು, ಹೊಸದರಿಂದ ಎರಡು ಸಾಲು, ಹೀಗೆ ಹತ್ತು ಹನ್ನೆರಡು ಸಾಲು ಬದಲಾಯಿಸುತ್ತಾ ಹೋಗಿ. ಗೆರೆ ಎಳೆದ ಹಾಗೆ ಕಾಣುವುದಿಲ್ಲ, ಕಣ್ಣು ಎಲ್ಲಿ ಬದಲಾಯಿತು ಅಂತ ಹಿಡಿಯಲಾರದು. ಹಳೆಯ ಉಂಡೆ ಪೂರ್ತಿ ಖಾಲಿಯಾಗಿದ್ದರೆ ಕೊನೆಯ ಕೆಲವು ಸಾಲು ಬಿಚ್ಚಿಕೊಳ್ಳಿ. ಮುಂದಿನ ಸಲ ತೂಕದ ಯಂತ್ರ ಪಕ್ಕದಲ್ಲಿಟ್ಟುಕೊಳ್ಳಿ, 100 ಗ್ರಾಂ ಉಂಡೆಯಲ್ಲಿ 50 ಉಳಿದಾಗ ಕೆಲಸವೂ ಅರ್ಧ ಆಗಿದೆಯಾ ಅಂತ ಆಗಲೇ ತಿಳಿಯುತ್ತದೆ. ನಾನು ಕಾಲುಚೀಲ ಹೆಣೆಯುವಾಗ ಮೊದಲೇ 50, 50 ಗ್ರಾಂ ಎರಡು ಉಂಡೆ ಸುತ್ತಿಬಿಡುತ್ತೇನೆ.

ಹೊಸಬಳು:
ಎಲ್ಲರಿಗೂ ಧನ್ಯವಾದ! ಪಿನ್ ಸಿಕ್ಕಿಸಿ ಹಾಕಿದೆ. 10 ಸಾಲು ಆಯಿತು, ಪ್ರತಿ ಸಾಲೂ ಎಣಿಸಿದೆ, ಪ್ರತಿ ಸಾಲೂ 20. ಎಡಬದಿ ಮಾತ್ರ ಸ್ವಲ್ಪ ಉಬ್ಬಿದೆ, ಆದರೆ ಚೌಕವೇ. ಗುರಿ ಹೊಸ ವರ್ಷಕ್ಕೆ ಅಂತ ಇತ್ತು, ಎರಡು ದಿನ ಮೊದಲೇ ಆಗಿಹೋಯಿತು. ಈಗ ಮಫ್ಲರ್ ಬಿಚ್ಚಿ ಮತ್ತೆ 30ರಿಂದ ಶುರು ಮಾಡಲೇ?

ಕೌದಿಬುಟ್ಟಿ:
ಮಾಡು ಮಗಳೇ. ಆ ಚೌಕವನ್ನು ಬಿಚ್ಚಬೇಡ, ದಿನಾಂಕ ಬರೆದ ಚೀಟಿ ಕಟ್ಟಿ ಇಟ್ಟುಕೋ.

ಎರಡುಕಡ್ಡಿ:
ಡಿಸೆಂಬರ್ 31, ರಾತ್ರಿ ಒಂಬತ್ತು. ಜನವರಿ ತನಕ ಕಾಯಲಾಗಲಿಲ್ಲ, ಬೂದು ಸ್ವೆಟರ್ ತೆಗೆದೆ.

ಎರಡು ಭಾಗಗಳನ್ನು ಸೀದಾ ಬದಿ ಮೇಲೆ ಮಾಡಿ ಪಕ್ಕಪಕ್ಕ ಮೇಜಿನ ಮೇಲೆ ಹಾಸಿದೆ. ಅಂಚಿನ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯನ್ನು ಎರಡು ಕೈಯಿಂದ ಸ್ವಲ್ಪ ಅಗಲಿಸಿದರೆ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಮೊಂಡು ಸೂಜಿಯಿಂದ ಈ ಬದಿಯ ಒಂದು ಮೆಟ್ಟಿಲು, ಆ ಬದಿಯ ಒಂದು ಮೆಟ್ಟಿಲು, ಹೀಗೆ ಎತ್ತುತ್ತಾ ಹೋಗುವುದು. ಮೊದಲು ದಾರ ಸಡಿಲವಾಗಿ ಝಿಗ್‌ಝಾಗ್ ಆಗಿ ಕಾಣುತ್ತದೆ, ತಪ್ಪಾಯಿತೇನೋ ಅನಿಸುತ್ತದೆ. ಆರು ಮೆಟ್ಟಿಲು ಆದ ಮೇಲೆ ದಾರವನ್ನು ನಿಧಾನ ಎಳೆದೆ. ಎರಡೂ ಅಂಚು ಮುಚ್ಚಿಕೊಂಡವು, ದಾರ ಮಾಯ! ಕೈ ಆಡಿಸಿದರೂ ಎಲ್ಲಿ ಸೇರಿದೆ ಅಂತ ಗೊತ್ತಾಗುವುದಿಲ್ಲ. ನಾನು ಜೋರಾಗಿಯೇ ಕೂಗಿದೆ, ಮನೆಯವರು ಎದ್ದು ಬಂದರು.

ಇಷ್ಟು ದಿನ ನಾನು ಎರಡು ಭಾಗಗಳನ್ನು ಒಳಮುಖ ಮಾಡಿ ಅಂಚಿಗೆ ಸುತ್ತಿ ಹೊಲಿಯುತ್ತಿದ್ದೆ, ಅದಕ್ಕೇ ಗಂಟುಗಂಟಾಗಿ ಬರುತ್ತಿತ್ತು. ಒಂದು ಪಕ್ಕದ ಹೊಲಿಗೆಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಇನ್ನೊಂದು ಪಕ್ಕ ಮತ್ತು ಎರಡು ತೋಳು ಬಾಕಿ. ನಾಳೆ ಬೆಳಗ್ಗೆ ಬೆಳಕಿನಲ್ಲಿ ಕೂರುತ್ತೇನೆ, ಬೂದು ಬಣ್ಣಕ್ಕೆ ರಾತ್ರಿ ದೀಪ ಸಾಲುವುದಿಲ್ಲ.